ಕ್ಷಾರೀಯ ಮೃತ್ತಿಕಾ ಲೋಹಗಳ ಲವಣಗಳಲ್ಲಿ ಜಲೀಕರಣ

ಬೆರಿಲಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಮತ್ತು ರೇಡಿಯಂ ಎಂಬ ಆವರ್ತ ಕೋಷ್ಟಕದ ಎರಡನೆಯ ಗುಂಪಿನ ಲೋಹಗಳ ಲವಣಗಳು ದ್ರಾವಣದಲ್ಲೂ ಸ್ಫಟಿಕದಲ್ಲೂ ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುವ ಕ್ರಿಯೆಯೇ ಈ ಲವಣಗಳ ಜಲೀಕರಣ. ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಬಂದಂತೆ ಲೋಹದ ಅಯಾನು ದೊಡ್ಡದಾಗುತ್ತದೆ, ನೀರಿನ ಮೇಲಿನ ಅದರ ಹಿಡಿತ ಸಡಿಲವಾಗುತ್ತದೆ, ಸ್ಫಟಿಕದಲ್ಲಿ ಸೇರುವ ನೀರೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಆರು ಅಣು ನೀರಿನೊಂದಿಗೆ ಹರಳುಗಟ್ಟಿದರೆ ಬೇರಿಯಂ ಕ್ಲೋರೈಡ್‌ಗೆ ಎರಡೇ ಅಣು ಸಾಕು. ಮೆಗ್ನೀಸಿಯಂ ಸಲ್ಫೇಟ್‌ನಲ್ಲಿ ಏಳು ಅಣು ನೀರಿದ್ದರೆ ಬೇರಿಯಂ ಸಲ್ಫೇಟ್‌ನಲ್ಲಿ ಒಂದೂ ಇಲ್ಲ. ಆದರೆ ಹೈಡ್ರಾಕ್ಸೈಡ್‌ಗಳಲ್ಲಿ ಈ ಕ್ರಮ ಪೂರ್ತಿ ತಿರುಗುಮುರುಗಾಗುತ್ತದೆ. ಹಾಗಾಗಿ ಹರಳಿನಲ್ಲಿರುವ ನೀರಿನ ಅಣುಗಳ ಎಣಿಕೆಯನ್ನೇ ಅಯಾನಿನ ಜಲಾಕರ್ಷಣೆಯ ಅಳತೆಯೆಂದು ತಿಳಿಯಲಾಗದು.

ಪರಿಭಾಷೆ

ಸ್ಫಟಿಕದೊಳಗೆ ನಿಗದಿತ ಪ್ರಮಾಣದಲ್ಲಿ ಸೇರಿಕೊಂಡ ನೀರಿಗೆ ಸ್ಫಟಿಕ ಜಲ ಎಂದು ಹೆಸರು. ಅದನ್ನು ಒಳಗೊಂಡದ್ದು ಜಲೀಕೃತ ಲವಣ, ಒಳಗೊಳ್ಳದ್ದು ನಿರ್ಜಲ ಲವಣ. ಲೋಹದ ಅಯಾನಿಗೆ ನೇರವಾಗಿ ಬೆಸೆದುಕೊಂಡ ನೀರನ್ನು ಸಮನ್ವಯ ಜಲವೆಂದೂ, ಹೈಡ್ರೋಜನ್ ಬಂಧಗಳ ಬಲದಿಂದ ಹರಳಿನ ಎಡೆಗಳಲ್ಲಿ ನಿಂತ ನೀರನ್ನು ಜಾಲಕ ಜಲವೆಂದೂ ಕರೆಯುತ್ತಾರೆ. ಒಂದು ಅಯಾನಿಗೆ ನೇರವಾಗಿ ತಾಗಿಕೊಂಡಿರುವ ಪರಮಾಣುಗಳ ಸಂಖ್ಯೆ ಅದರ ಸಮನ್ವಯ ಸಂಖ್ಯೆ. ಅನಿಲ ಸ್ಥಿತಿಯ ಒಂದು ಮೋಲ್ ಅಯಾನುಗಳು ನೀರಿಗೆ ಸೇರಿದಾಗ ಹೊರಬೀಳುವ ಶಾಖವೇ ಜಲೀಕರಣ ಎಂಥಾಲ್ಪಿ. ನೀರು ತಾನೇ ಒಡೆದು ಲವಣದೊಡನೆ ರಾಸಾಯನಿಕವಾಗಿ ವರ್ತಿಸಿದರೆ ಅದು ಜಲವಿಭಜನೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿದು ಅರಳುವುದು ಈ ಲೇಖನದ ಅರ್ಥದಲ್ಲಿ ಜಲೀಕರಣವಲ್ಲ. ಅಲ್ಲಿ ಆಕ್ಸೈಡ್ ಮತ್ತು ನೀರು ಕೂಡಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಬೇರೆಯೇ ಸಂಯುಕ್ತವಾಗುತ್ತದೆ, ನೀರು ಅಣುರೂಪದಲ್ಲಿ ಉಳಿಯುವುದಿಲ್ಲ.

ಅಧ್ಯಯನದ ಹಿನ್ನೆಲೆ

ಈ ಲವಣಗಳ ಪರಿಚಯ ರಸಾಯನಶಾಸ್ತ್ರಕ್ಕಿಂತ ಹಳೆಯದು. ಇಂಗ್ಲೆಂಡಿನ ಎಪ್ಸಮ್ ಊರಿನ ಕಹಿ ಬುಗ್ಗೆಗಳು 17ನೆಯ ಶತಮಾನದ ಆರಂಭದಲ್ಲೇ ಹೆಸರಾಗಿದ್ದವು. ಆ ನೀರಿನಿಂದ ದೊರೆತ ಉಪ್ಪಿನ ಕುರಿತು ನೆಹೆಮಿಯಾ ಗ್ರೂ 1695ರಲ್ಲಿ ಬರೆದ. ಇದೇ ಏಳು ಅಣು ನೀರಿನ ಮೆಗ್ನೀಸಿಯಂ ಸಲ್ಫೇಟ್. ಇಂದಿಗೂ ಎಪ್ಸಮ್ ಸಾಲ್ಟ್ ಎಂದೇ ಮಾರಾಟವಾಗುತ್ತದೆ. ಫ್ರಾನ್ಸಿನ ಲಾವೋಸಿಯೆ 1765ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ಮೊದಲ ಪ್ರಬಂಧದ ವಿಷಯ ಜಿಪ್ಸಮ್. ಕಾಯಿಸಿದಾಗ ಜಿಪ್ಸಮ್ಮಿನಿಂದ ನೀರು ಹೋಗುತ್ತದೆ, ಕಾದ ಪುಡಿ ಅದೇ ನೀರನ್ನು ಮರಳಿ ಪಡೆದು ಗಟ್ಟಿಯಾಗುತ್ತದೆ ಎಂದು ಅವನು ತೋರಿಸಿದ.

ಸ್ಫಟಿಕ ಜಲ ಹರಳಿನಲ್ಲಿ ಎಲ್ಲಿ, ಹೇಗೆ ಕೂತಿದೆ ಎಂಬ ಪ್ರಶ್ನೆಗೆ ಸರಿಯಾದ ದಾರಿ ತೋರಿದ್ದು ಆಲ್ಫ್ರೆಡ್ ವರ್ನರ್ 1893ರಲ್ಲಿ ಮುಂದಿಟ್ಟ ಸಮನ್ವಯ ಸಿದ್ಧಾಂತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾಂಟ್ ಹಾಫ್ ಜರ್ಮನಿಯ ಸ್ಟಾಸ್‌ಫುರ್ಟ್ ಉಪ್ಪಿನ ನಿಕ್ಷೇಪಗಳನ್ನು ಎದುರಿಗಿಟ್ಟುಕೊಂಡು, ಯಾವ ಉಷ್ಣತೆಯಲ್ಲಿ ಎಷ್ಟು ನೀರಿನ ಲವಣ ಸ್ಥಿರ ಎಂಬುದನ್ನು ವರ್ಷಗಟ್ಟಲೆ ಅಳೆದ. ಅಯಾನಿನ ವಿದ್ಯುದಂಶ ಮತ್ತು ಗಾತ್ರದಿಂದಲೇ ಜಲೀಕರಣ ಶಕ್ತಿಯನ್ನು ಅಂದಾಜು ಮಾಡುವ ಸೂತ್ರವನ್ನು ಮ್ಯಾಕ್ಸ್ ಬಾರ್ನ್ 1920ರಲ್ಲಿ ಕೊಟ್ಟ. ಕ್ಷ-ಕಿರಣ ವಿವರ್ತನೆಯಿಂದ ಹರಳುಗಳ ಒಳರಚನೆ ಬಯಲಾದ ಮೇಲೆ ಇಡೀ ವಿಷಯಕ್ಕೆ ಗಟ್ಟಿ ಬುನಾದಿ ಸಿಕ್ಕಿತು.

ಜಲೀಕರಣದ ಕಾರಣ

ನೀರಿನ ಅಣುವಿನ ಆಕ್ಸಿಜನ್ ತುದಿಯಲ್ಲಿ ಭಾಗಶಃ ಋಣ ವಿದ್ಯುದಂಶವಿದೆ. ಎರಡು ಧನ ವಿದ್ಯುದಂಶ ಹೊತ್ತ ಲೋಹದ ಅಯಾನು ಆ ತುದಿಯನ್ನು ತನ್ನತ್ತ ಸೆಳೆಯುತ್ತದೆ. ಬಾರ್ನ್ ಸೂತ್ರದ ಪ್ರಕಾರ ಈ ಸೆಳೆತದ ಶಕ್ತಿ ವಿದ್ಯುದಂಶದ ವರ್ಗಕ್ಕೆ ನೇರ ಅನುಪಾತದಲ್ಲೂ ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. ವಿದ್ಯುದಂಶದ ಪ್ರಭಾವ ಎಷ್ಟೆಂಬುದಕ್ಕೆ ಸೋಡಿಯಂ ಮತ್ತು ಕ್ಯಾಲ್ಸಿಯಂಗಳ ಹೋಲಿಕೆ ಸಾಕು. ಎರಡರ ಅಯಾನುಗಳೂ ಗಾತ್ರದಲ್ಲಿ ಹೆಚ್ಚುಕಡಿಮೆ ಒಂದೇ, ಸುಮಾರು 100 ಪಿಕೋಮೀಟರ್ ತ್ರಿಜ್ಯ. ಸೋಡಿಯಂನ ಜಲೀಕರಣದಿಂದ ಮೋಲಿಗೆ ಸುಮಾರು 400 ಕಿಲೋಜೂಲ್ ಹೊರಬಂದರೆ ಕ್ಯಾಲ್ಸಿಯಂನಿಂದ ಸುಮಾರು 1,577 ಕಿಲೋಜೂಲ್ ಬರುತ್ತದೆ. ವಿದ್ಯುದಂಶ ಇಮ್ಮಡಿಯಾದಾಗ ಶಕ್ತಿ ಬಹುತೇಕ ನಾಲ್ಮಡಿಯಾಗಿದೆ. ಇಷ್ಟು ಸರಳ ಸೂತ್ರ ಇಷ್ಟು ಹತ್ತಿರದ ಉತ್ತರ ಕೊಡುವುದು ರಸಾಯನಶಾಸ್ತ್ರದಲ್ಲಿ ಅಪರೂಪ.

ಗಾತ್ರದ ಪ್ರಭಾವ ಗುಂಪಿನ ಉದ್ದಕ್ಕೂ ಕಾಣುತ್ತದೆ. ಆರು ನೆರೆಗಳಿರುವಾಗ ಮೆಗ್ನೀಸಿಯಂ ಅಯಾನಿನ ತ್ರಿಜ್ಯ 72, ಕ್ಯಾಲ್ಸಿಯಂನದು 100, ಸ್ಟ್ರಾನ್ಷಿಯಂನದು 118, ಬೇರಿಯಂನದು 135 ಪಿಕೋಮೀಟರ್. ನಾಲ್ಕೇ ನೆರೆಗಳನ್ನು ಒಪ್ಪುವ ಬೆರಿಲಿಯಂನದು 27. ಅದಕ್ಕೆ ತಕ್ಕಂತೆ ಹೊರಬೀಳುವ ಜಲೀಕರಣ ಶಾಖ ಬೆರಿಲಿಯಂಗೆ ಮೋಲಿಗೆ ಸುಮಾರು 2,494 ಕಿಲೋಜೂಲ್, ಮೆಗ್ನೀಸಿಯಂಗೆ 1,921, ಕ್ಯಾಲ್ಸಿಯಂಗೆ 1,577, ಸ್ಟ್ರಾನ್ಷಿಯಂಗೆ 1,443, ಬೇರಿಯಂಗೆ 1,305. ಇಳಿಕೆ ಒಂದೇ ಸಮನಾಗಿಲ್ಲ. ಬೆರಿಲಿಯಂನಿಂದ ಕ್ಯಾಲ್ಸಿಯಂವರೆಗೆ ಕಡಿದಾಗಿದೆ, ಆಮೇಲೆ ನಿಧಾನವಾಗಿದೆ. ಕ್ಯಾಲ್ಸಿಯಂ ಮತ್ತು ಸ್ಟ್ರಾನ್ಷಿಯಂ ಲವಣಗಳು ಹಲವು ಕಡೆ ಜೋಡಿಯಾಗಿ ವರ್ತಿಸಲು, ಬೆರಿಲಿಯಂ ಮಾತ್ರ ಗುಂಪಿನಿಂದ ದೂರ ನಿಲ್ಲಲು ಇದೂ ಒಂದು ಕಾರಣ.

ದ್ರಾವಣದಲ್ಲಿ ನೀರಿನ ಕವಚ

ದ್ರಾವಣದಲ್ಲಿ ಬೆರಿಲಿಯಂ ಅಯಾನಿನ ಸುತ್ತ ನಾಲ್ಕು ನೀರಿನ ಅಣುಗಳು ಚತುರ್ಮುಖಿಯಾಗಿ ನಿಲ್ಲುತ್ತವೆ. ಮೆಗ್ನೀಸಿಯಂ ಸುತ್ತ ಆರು ಅಣುಗಳ ಅಚ್ಚುಕಟ್ಟಾದ ಅಷ್ಟಮುಖಿ ಇದೆ. ಕ್ಯಾಲ್ಸಿಯಂಗೆ ಆರರಿಂದ ಎಂಟು; ಪ್ರಯೋಗದ ವಿಧಾನ ಮತ್ತು ದ್ರಾವಣದ ಸಾಂದ್ರತೆ ಬದಲಾದಂತೆ ಬೇರೆ ಬೇರೆ ಸಂಖ್ಯೆಗಳು ವರದಿಯಾಗಿವೆ. ಸ್ಟ್ರಾನ್ಷಿಯಂ, ಬೇರಿಯಂಗಳಿಗೆ ಎಂಟು ಅಥವಾ ಅದಕ್ಕಿಂತ ತುಸು ಹೆಚ್ಚು. ಅಂದರೆ ಕೆಳಕ್ಕೆ ಬಂದಂತೆ ಮೊದಲ ಸುತ್ತಿನಲ್ಲಿ ನೀರಿನ ಅಣುಗಳು ಹೆಚ್ಚುತ್ತವೆ, ಒಂದೊಂದರ ಮೇಲಿನ ಹಿಡಿತ ಮಾತ್ರ ಕಡಿಮೆಯಾಗುತ್ತದೆ.

ಹಿಡಿತದ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು ನೀರಿನ ಅಣುಗಳು ಅದಲುಬದಲಾಗುವ ವೇಗದಲ್ಲಿ. ಬೆರಿಲಿಯಂಗೆ ಅಂಟಿದ ಅಣು ಮಿಲಿಸೆಕೆಂಡಿನಷ್ಟು ಕಾಲ ಅಲ್ಲೇ ಇರುತ್ತದೆ. ಮೆಗ್ನೀಸಿಯಂ ಬಳಿ ಅದರ ವಾಸ ಮೈಕ್ರೋಸೆಕೆಂಡಿನ ಮಟ್ಟದ್ದು, ಕ್ಯಾಲ್ಸಿಯಂ ಬಳಿ ಕೆಲವೇ ನ್ಯಾನೋಸೆಕೆಂಡ್. ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ನಡುವೆ ಶಾಖದ ಅಂಕಿಗಳಲ್ಲಿ ಐದನೇ ಒಂದು ಭಾಗವೂ ಇಲ್ಲದ ಅಂತರ ವೇಗದಲ್ಲಿ ನೂರಾರು ಪಟ್ಟಾಗಿ ಹೊರಬರುತ್ತದೆ. ಇಂಥ ಅತಿವೇಗದ ಕ್ರಿಯೆಗಳನ್ನು ಅಳೆಯುವ ವಿಧಾನ ರೂಪಿಸಿದ ಮ್ಯಾನ್‌ಫ್ರೆಡ್ ಐಗೆನ್ 1967ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ.

ಬಲವಾದ ಹಿಡಿತಕ್ಕೆ ಇನ್ನೊಂದು ಪರಿಣಾಮವೂ ಇದೆ. ಬೆರಿಲಿಯಂ ಅಯಾನು ನೀರಿನ ಅಣುವಿನ ಇಲೆಕ್ಟ್ರಾನುಗಳನ್ನು ಎಷ್ಟು ಜೋರಾಗಿ ಎಳೆಯುತ್ತದೆಂದರೆ ಆ ಅಣುವಿನಿಂದ ಪ್ರೋಟಾನು ಕಳಚಿಹೋಗುತ್ತದೆ. ಹೀಗಾಗಿ ಬೆರಿಲಿಯಂ ಲವಣಗಳ ದ್ರಾವಣ ಆಮ್ಲೀಯ. ಮೆಗ್ನೀಸಿಯಂನಲ್ಲಿ ಈ ಗುಣ ಅಲ್ಪ, ಬೇರಿಯಂನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಲವಣಗಳ ವರ್ಗಗಳು

ಕ್ಲೋರೈಡ್‌ಗಳು: ಬೆರಿಲಿಯಂ ಕ್ಲೋರೈಡ್ ನಾಲ್ಕು ಅಣು ನೀರಿನೊಂದಿಗೆ, ಮೆಗ್ನೀಸಿಯಂ, ಕ್ಯಾಲ್ಸಿಯಂ ಮತ್ತು ಸ್ಟ್ರಾನ್ಷಿಯಂ ಕ್ಲೋರೈಡ್‌ಗಳು ಆರಾರು ಅಣುಗಳೊಂದಿಗೆ, ಬೇರಿಯಂ ಮತ್ತು ರೇಡಿಯಂ ಕ್ಲೋರೈಡ್‌ಗಳು ಎರಡೆರಡು ಅಣುಗಳೊಂದಿಗೆ ಹರಳುಗಟ್ಟುತ್ತವೆ. ಮೂರು ಲವಣಗಳಲ್ಲಿ ನೀರಿನ ಎಣಿಕೆ ಆರೇ ಆದರೂ ರಚನೆ ಒಂದೇ ಅಲ್ಲ. ಮೆಗ್ನೀಸಿಯಂ ಲವಣದಲ್ಲಿ ಪ್ರತಿ ಅಯಾನಿಗೂ ಅದರದೇ ಆರು ಅಣುಗಳಿವೆ, ಹಂಚಿಕೆಯಿಲ್ಲ. ಕ್ಯಾಲ್ಸಿಯಂ ಲವಣದಲ್ಲಿ ಅಯಾನುಗಳು ಸಾಲಾಗಿ ನಿಂತು ಅಕ್ಕಪಕ್ಕದವುಗಳೊಡನೆ ನೀರಿನ ಅಣುಗಳನ್ನು ಹಂಚಿಕೊಳ್ಳುತ್ತವೆ. ಹೀಗೆ ಹಂಚಿಕೊಂಡೇ ಪ್ರತಿಯೊಂದರ ಸುತ್ತ ಒಂಬತ್ತು ಅಣುಗಳು ಸೇರುತ್ತವೆ. ಸ್ಟ್ರಾನ್ಷಿಯಂ ಕ್ಲೋರೈಡಿನದೂ ಇದೇ ರಚನೆ. ಬೇರಿಯಂ ಕ್ಲೋರೈಡಿನಲ್ಲಿ ಕ್ಲೋರೈಡ್ ಅಯಾನುಗಳೇ ಲೋಹಕ್ಕೆ ನೇರ ತಾಗಿ ನಿಲ್ಲುತ್ತವೆ, ನೀರಿಗೆ ಉಳಿಯುವ ಜಾಗ ಕಡಿಮೆ. ರೇಡಿಯಂ ಮತ್ತು ಬೇರಿಯಂ ಲವಣಗಳ ಹರಳುಗಳು ಸಮರೂಪಿಗಳಾದ್ದರಿಂದ ಒಂದರೊಳಗೊಂದು ಸೇರಿಕೊಳ್ಳುತ್ತವೆ. 1898ರಲ್ಲಿ ಗುರುತಿಸಿದ ರೇಡಿಯಂ ಅನ್ನು ಬೇರಿಯಂನಿಂದ ಬೇರ್ಪಡಿಸಲು ಮೇರಿ ಕ್ಯೂರಿ ಮತ್ತೆ ಮತ್ತೆ ಹರಳುಗಟ್ಟಿಸುವ ದೀರ್ಘ ದಾರಿ ಹಿಡಿಯಬೇಕಾಯಿತು.

ಸಲ್ಫೇಟ್‌ಗಳು: ಗುಂಪಿನ ಕ್ರಮ ಅತಿ ಸ್ಪಷ್ಟವಾಗಿರುವುದು ಇಲ್ಲಿ. ಬೆರಿಲಿಯಂಗೆ ನಾಲ್ಕು, ಮೆಗ್ನೀಸಿಯಂಗೆ ಏಳು, ಕ್ಯಾಲ್ಸಿಯಂಗೆ ಎರಡು, ಸ್ಟ್ರಾನ್ಷಿಯಂ ಮತ್ತು ಬೇರಿಯಂಗೆ ಸೊನ್ನೆ. ಬೆರಿಲಿಯಂ ನೀರನ್ನು ಎಲ್ಲಕ್ಕಿಂತ ಬಲವಾಗಿ ಹಿಡಿದರೂ ಅದರ ಸುತ್ತ ನಾಲ್ಕಕ್ಕಿಂತ ಹೆಚ್ಚು ಅಣುಗಳಿಗೆ ಸ್ಥಳವಿಲ್ಲ. ಎಪ್ಸಮ್ ಸಾಲ್ಟಿನ ಏಳು ಅಣುಗಳಲ್ಲಿ ಆರು ಮೆಗ್ನೀಸಿಯಂಗೆ ಅಂಟಿದ್ದರೆ ಏಳನೆಯದು ಜಾಲಕ ಜಲ. ಒಣಗಾಳಿಯಲ್ಲಿ ಮೊದಲು ಹೋಗುವುದು ಈ ಏಳನೆಯದೇ. ಆಗ ಹೊಳಪಿನ ಹರಳಿನ ಮೈ ಬಿಳಿ ಪುಡಿಯಾಗುತ್ತದೆ. ಈ ಲವಣದ ತೂಕದಲ್ಲಿ ಶೇಕಡ 51ರಷ್ಟು ನೀರೇ. ಒಂದೇ ಅಣು ನೀರಿರುವ ಕೀಸೆರೈಟ್ ಖನಿಜದಲ್ಲಿ ಆ ಅಣು ಎರಡು ಮೆಗ್ನೀಸಿಯಂ ಅಯಾನುಗಳ ನಡುವೆ ಸೇತುವೆಯಾಗಿರುವುದರಿಂದ 200 ಡಿಗ್ರಿ ಸೆಲ್ಸಿಯಸ್ ದಾಟಿದರೂ ಸುಲಭಕ್ಕೆ ಬಿಡುವುದಿಲ್ಲ. ಸುಮಾರು 2 ಡಿಗ್ರಿಗಿಂತ ಕೆಳಗೆ ಹನ್ನೊಂದು ಅಣು ನೀರಿನ ರೂಪ ಸ್ಥಿರ. ಇದನ್ನು ಬಹುಕಾಲ ಹನ್ನೆರಡು ಅಣುಗಳದ್ದೆಂದು ಎಣಿಸಲಾಗಿತ್ತು. 2007ರಲ್ಲಿ ಇದಕ್ಕೆ ಮಂಗಳ ಗ್ರಹದ ಮೆರಿಡಿಯಾನಿ ಬಯಲಿನ ನೆನಪಿನಲ್ಲಿ ಮೆರಿಡಿಯಾನೈಟ್ ಎಂಬ ಹೆಸರು ಬಂತು.

ನೈಟ್ರೇಟ್‌ಗಳು: ಮೆಗ್ನೀಸಿಯಂ ನೈಟ್ರೇಟ್ ಆರು, ಕ್ಯಾಲ್ಸಿಯಂ ನೈಟ್ರೇಟ್ ನಾಲ್ಕು ಅಣು ನೀರಿನದು. ಸ್ಟ್ರಾನ್ಷಿಯಂ ನೈಟ್ರೇಟ್ ತಂಪಿನಲ್ಲಿ ನಾಲ್ಕು ಅಣುಗಳೊಂದಿಗೆ, ಸುಮಾರು 30 ಡಿಗ್ರಿ ಮೀರಿದರೆ ನೀರಿಲ್ಲದೆ ಹರಳುಗಟ್ಟುತ್ತದೆ. ಬೇರಿಯಂ ನೈಟ್ರೇಟ್ ಸದಾ ನಿರ್ಜಲ. ಪಟಾಕಿಯ ಕೆಂಪು ಬಣ್ಣಕ್ಕೆ ಸ್ಟ್ರಾನ್ಷಿಯಂ ನೈಟ್ರೇಟನ್ನೂ ಹಸಿರಿಗೆ ಬೇರಿಯಂ ನೈಟ್ರೇಟನ್ನೂ ಬಳಸಲು ಸಾಧ್ಯವಾಗಿರುವುದು ಇವು ತೇವ ಎಳೆದುಕೊಳ್ಳದ ಕಾರಣದಿಂದಲೂ ಹೌದು.

ಫ್ಲೋರೈಡ್‌ಗಳು: ಮೆಗ್ನೀಸಿಯಂನಿಂದ ಬೇರಿಯಂವರೆಗೆ ಎಲ್ಲವೂ ನಿರ್ಜಲ.

ಹೈಡ್ರಾಕ್ಸೈಡ್‌ಗಳು: ಇಲ್ಲಿ ಕ್ರಮ ತಲೆಕೆಳಗು. ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ಗಳಲ್ಲಿ ಸ್ಫಟಿಕ ಜಲವಿಲ್ಲ. ಸ್ಟ್ರಾನ್ಷಿಯಂ ಮತ್ತು ಬೇರಿಯಂ ಹೈಡ್ರಾಕ್ಸೈಡ್‌ಗಳಲ್ಲಿ ಎಂಟೆಂಟು ಅಣು ನೀರು. ಹೈಡ್ರಾಕ್ಸೈಡ್ ಅಯಾನು ಚಿಕ್ಕದು. ಚಿಕ್ಕ ಲೋಹದ ಅಯಾನಿನೊಡನೆ ಅದು ಪದರ ಪದರವಾಗಿ ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ನೀರು ನುಗ್ಗಲು ಎಡೆಯೂ ಇಲ್ಲ, ನುಗ್ಗಿದರೆ ಲಾಭವೂ ಇಲ್ಲ. ಬೇರಿಯಂನಂಥ ದೊಡ್ಡ ಅಯಾನಿನ ಸುತ್ತಲ ಜಾಗವನ್ನು ಎರಡು ಪುಟ್ಟ ಹೈಡ್ರಾಕ್ಸೈಡ್‌ಗಳು ತುಂಬಲಾರವು. ಆಗ ನೀರಿನ ಅಣುಗಳು ಲೋಹದ ಸುತ್ತ ನೆಲೆಗೊಂಡು, ಹೈಡ್ರಾಕ್ಸೈಡ್‌ಗಳೊಡನೆ ಹೈಡ್ರೋಜನ್ ಬಂಧ ಬೆಸೆದು ಹರಳನ್ನು ಕಟ್ಟುತ್ತವೆ. ಬೇರಿಯಂ ಹೈಡ್ರಾಕ್ಸೈಡಿನ ಈ ರಚನೆಯನ್ನು ವಿವರಿಸಿದ ಎಚ್. ಮನೋಹರ್ ಮತ್ತು ಎಸ್. ರಾಮಶೇಷನ್ ಅವರ ಅಧ್ಯಯನ 1964ರಲ್ಲಿ ಪ್ರಕಟವಾಯಿತು. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ ಮತ್ತು ಬೇರಿಯಂ ಪೆರಾಕ್ಸೈಡ್‌ಗಳೂ ಎಂಟು ಅಣು ನೀರಿನ ಹರಳುಗಳನ್ನು ಕೊಡುತ್ತವೆ.

ಕಾರ್ಬೊನೇಟ್ ಮತ್ತು ಆಕ್ಸಲೇಟ್‌ಗಳು: ಮೆಗ್ನೀಸಿಯಂ ಕಾರ್ಬೊನೇಟ್ ಸಾಮಾನ್ಯ ಉಷ್ಣತೆಯ ದ್ರಾವಣದಿಂದ ನಿರ್ಜಲವಾಗಿ ಇಳಿಯುವುದೇ ಇಲ್ಲ ಎನ್ನಬಹುದು, ಮೂರು ಅಥವಾ ಐದು ಅಣು ನೀರು ಕಟ್ಟಿಕೊಂಡೇ ಬರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಸಾಧಾರಣವಾಗಿ ನಿರ್ಜಲ. ಆದರೆ ಹಿಮದಷ್ಟು ತಣ್ಣಗಿನ ನೀರಿನಲ್ಲಿ ಆರು ಅಣು ನೀರಿನ ಇಕೈಟ್ ರೂಪುಗೊಳ್ಳುತ್ತದೆ. ಗ್ರೀನ್‌ಲ್ಯಾಂಡಿನ ಇಕ್ಕಾ ಫ್ಯೋರ್ಡಿನಲ್ಲಿ 1963ರಲ್ಲಿ ಗುರುತಿಸಲಾದ ಈ ಖನಿಜ ತುಸು ಬೆಚ್ಚಗಾದರೂ ಕ್ಯಾಲ್ಸೈಟ್ ಮತ್ತು ನೀರಾಗಿ ಒಡೆಯುತ್ತದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಅತಿ ಸಾಮಾನ್ಯವಾದದ್ದು ಒಂದು ಅಥವಾ ಎರಡು ಅಣು ನೀರಿನ ಕ್ಯಾಲ್ಸಿಯಂ ಆಕ್ಸಲೇಟ್.

ಜಿಪ್ಸಮ್ ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್

ಜಲೀಕೃತ ಲವಣಗಳಲ್ಲಿ ಮನುಷ್ಯನಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಜಿಪ್ಸಮ್, ಅಂದರೆ ಎರಡು ಅಣು ನೀರಿನ ಕ್ಯಾಲ್ಸಿಯಂ ಸಲ್ಫೇಟ್. ಇದರಲ್ಲಿ ಪ್ರತಿ ಕ್ಯಾಲ್ಸಿಯಂ ಅಯಾನಿನ ಸುತ್ತ ಎಂಟು ಆಕ್ಸಿಜನ್‌ಗಳಿವೆ. ಆರು ಸಲ್ಫೇಟಿನವು, ಎರಡು ನೀರಿನವು. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿ ಗಟ್ಟಿ ಹಾಳೆಗಳಾಗಿ, ಹಾಳೆಗಳ ನಡುವೆ ನೀರಿನ ಪದರ ಕೂತಿರುತ್ತದೆ. ಹಾಳೆಗಳನ್ನು ಹಿಡಿದಿರುವುದು ದುರ್ಬಲವಾದ ಹೈಡ್ರೋಜನ್ ಬಂಧ. ಶುದ್ಧ ಹರಳಿನ ಅಂಚಿಗೆ ಚಾಕುವಿನ ಮೊನೆ ತಾಗಿಸಿದರೆ ಪಾರದರ್ಶಕ ಪದರು ಸಲೀಸಾಗಿ ಏಳುವುದು, ಉಗುರಿನಿಂದಲೇ ಗೀರು ಮೂಡುವುದು ಇದೇ ಕಾರಣಕ್ಕೆ.

ಜಿಪ್ಸಮ್ಮಿನ ತೂಕದಲ್ಲಿ ಶೇಕಡ 21ರಷ್ಟು ನೀರು. ಸುಮಾರು 120ರಿಂದ 150 ಡಿಗ್ರಿಗೆ ಕಾಯಿಸಿದರೆ ಮುಕ್ಕಾಲು ಭಾಗ ನೀರು ಹೋಗಿ, ಪ್ರತಿ ಕ್ಯಾಲ್ಸಿಯಂ ಸಲ್ಫೇಟಿಗೆ ಅರ್ಧ ಅಣುವಿನ ಲೆಕ್ಕದಲ್ಲಿ ನೀರುಳಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಿಗುತ್ತದೆ. ಇನ್ನೂ ಹೆಚ್ಚು ಕಾಯಿಸಿದರೆ ಉಳಿದ ನೀರೂ ಹೋಗುತ್ತದೆ, ಅತಿಯಾಗಿ ಸುಟ್ಟ ಪುಡಿ ನೀರಿನೊಡನೆ ಬೇಗ ಗಟ್ಟಿಯಾಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಪ್ಲಾಸ್ಟರ್ ಗಟ್ಟಿಯಾಗುವ ಬಗೆಯನ್ನು 1880ರ ದಶಕದಲ್ಲಿ ಲ ಶಾಟಲಿಯೆ ವಿವರಿಸಿದ. ಅರ್ಧ ಅಣುವಿನ ಲವಣ ಜಿಪ್ಸಮ್ಮಿಗಿಂತ ಹಲವು ಪಟ್ಟು ಹೆಚ್ಚು ಕರಗುತ್ತದೆ. ಹಾಗಾಗಿ ಅದು ಕರಗಿದ ನೀರು ಜಿಪ್ಸಮ್ಮಿನ ಪಾಲಿಗೆ ಅತಿಸಂತೃಪ್ತವಾಗಿರುತ್ತದೆ. ಅದರಿಂದ ಜಿಪ್ಸಮ್ ಸೂಜಿಗಳು ಹೊಮ್ಮಿ ಒಂದರೊಳಗೊಂದು ಹೆಣೆದುಕೊಂಡು ಗಡುಸಾಗುತ್ತವೆ, ಜತೆಗೆ ಶಾಖ ಬಿಡುತ್ತವೆ. ನೂರು ಗ್ರಾಂ ಪುಡಿಗೆ ಲೆಕ್ಕದ ಪ್ರಕಾರ ಬೇಕಾದ ನೀರು 18.6 ಗ್ರಾಂ ಮಾತ್ರ. ಕಲಸಲು ಅನುಕೂಲವಾಗಲೆಂದು ಅದಕ್ಕಿಂತ ಬಹಳ ಹೆಚ್ಚು ಹಾಕುತ್ತಾರೆ. ಹೆಚ್ಚಿನದು ಆರಿಹೋದಾಗ ಅಚ್ಚಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಗಟ್ಟಿಯಾದದ್ದು ಮತ್ತೆ ಜಿಪ್ಸಮ್ಮೇ ಆಗಿರುವುದರಿಂದ, ಅದು ಲೀಟರಿಗೆ ಎರಡು ಗ್ರಾಂ ಚಿಲ್ಲರೆಯಷ್ಟೇ ಕರಗುವುದರಿಂದ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ (ಪಿಒಪಿ) ಗಣೇಶ ಮೂರ್ತಿಗಳು ಕೆರೆಯ ನೀರಿನಲ್ಲಿ ಮಣ್ಣಿನ ಮೂರ್ತಿಯಂತೆ ಬೇಗ ಕರಗುವುದಿಲ್ಲ.

ಕಾಯಿಸಿದಾಗ

ಬೇರಿಯಂ ಕ್ಲೋರೈಡಿನ ಎರಡು ಅಣು ನೀರನ್ನು ಕಾಯಿಸಿ ಪೂರ್ತಿ ಹೊರಹಾಕಬಹುದು, ಲವಣ ಹಾಗೇ ಉಳಿಯುತ್ತದೆ. ಕಾಲೇಜು ಪ್ರಯೋಗಾಲಯಗಳಲ್ಲಿ ಸ್ಫಟಿಕ ಜಲವನ್ನು ತೂಗಿ ಕಂಡುಹಿಡಿಯುವ ಪಾಠಕ್ಕೆ ಇದನ್ನೇ ಆರಿಸುವುದು ಅದಕ್ಕಾಗಿ. ಮೆಗ್ನೀಸಿಯಂ ಕ್ಲೋರೈಡ್ ಹಾಗಲ್ಲ. ಎರಡು ಅಣು ಉಳಿಯುವವರೆಗೆ ನೀರು ಹೋಗುತ್ತದೆ, ಆಮೇಲೆ ಉಳಿದ ನೀರು ಜಲವಿಭಜನೆಗೆ ತಿರುಗಿ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಮ್ಮುತ್ತದೆ, ಮೂಸೆಯಲ್ಲಿ ಉಳಿಯುವುದು ಆಕ್ಸಿಕ್ಲೋರೈಡ್‌ಗಳು. ಹೀಗಾಗಿ ನಿರ್ಜಲ ಲವಣ ಬೇಕಾದರೆ ಹೈಡ್ರೋಜನ್ ಕ್ಲೋರೈಡ್ ಹರಿವಿನಲ್ಲೇ ಕಾಯಿಸಬೇಕು. ವಿದ್ಯುದ್ವಿಭಜನೆಯಿಂದ ಮೆಗ್ನೀಸಿಯಂ ಲೋಹ ತಯಾರಿಸುವ ಉದ್ಯಮದ ದುಬಾರಿ ಹಂತಗಳಲ್ಲಿ ಇದೂ ಒಂದು. ಬೆರಿಲಿಯಂ ಕ್ಲೋರೈಡಿನಲ್ಲಿ ಜಲವಿಭಜನೆ ಇನ್ನೂ ತೀವ್ರ.

ಕರಗುವಿಕೆಯೊಂದಿಗೆ ಸಂಬಂಧ

ಲವಣ ಕರಗಬೇಕಾದರೆ ಅಯಾನುಗಳನ್ನು ಹರಳಿನಲ್ಲಿ ಹಿಡಿದಿಟ್ಟಿರುವ ಜಾಲಕ ಶಕ್ತಿಯನ್ನು ಮೀರಬೇಕು. ಆ ವೆಚ್ಚವನ್ನು ಬಹುಮಟ್ಟಿಗೆ ತುಂಬಿಕೊಡುವುದು ಜಲೀಕರಣ. ಸಲ್ಫೇಟ್ ದೊಡ್ಡ ಅಯಾನು. ಅದರ ಪಕ್ಕದಲ್ಲಿ ಲೋಹದ ಅಯಾನಿನ ಗಾತ್ರ ಸ್ವಲ್ಪ ಹೆಚ್ಚಾದರೂ ಒಟ್ಟು ಅಂತರ ಹೆಚ್ಚು ಬದಲಾಗದು, ಜಾಲಕ ಶಕ್ತಿ ನಿಧಾನವಾಗಿ ಇಳಿಯುತ್ತದೆ. ಜಲೀಕರಣ ಶಕ್ತಿ ಮಾತ್ರ ಬೇಗ ಇಳಿಯುತ್ತದೆ. ಆದ್ದರಿಂದ ಮೆಗ್ನೀಸಿಯಂ ಸಲ್ಫೇಟ್ ಧಾರಾಳವಾಗಿ ಕರಗಿದರೆ, ಬೇರಿಯಂ ಸಲ್ಫೇಟ್ ಲೀಟರಿಗೆ ಎರಡು ಮೂರು ಮಿಲಿಗ್ರಾಂ ಮಾತ್ರ ಕರಗುತ್ತದೆ. ಚಿಕ್ಕದಾದ ಹೈಡ್ರಾಕ್ಸೈಡ್‌ಗೆ ಇದು ವಿರುದ್ಧ. ಅಲ್ಲಿ ಜಾಲಕ ಶಕ್ತಿಯೇ ಬೇಗ ಕುಸಿಯುತ್ತದೆ. ಮೆಗ್ನೀಸಿಯಂ ಹೈಡ್ರಾಕ್ಸೈಡ್ ಹೆಚ್ಚುಕಡಿಮೆ ಕರಗದು, ಕ್ಯಾಲ್ಸಿಯಂನದು ಲೀಟರಿಗೆ ಸುಮಾರು 1.7 ಗ್ರಾಂ ಕರಗಿ ಸುಣ್ಣದ ತಿಳಿನೀರಾಗುತ್ತದೆ, ಬೇರಿಯಂನದು ಅದಕ್ಕಿಂತ ಬಹಳ ಹೆಚ್ಚು ಕರಗುತ್ತದೆ. ಸ್ಫಟಿಕ ಜಲದ ಎರಡು ವಿರುದ್ಧ ಕ್ರಮಗಳಿಗೂ ಕರಗುವಿಕೆಯ ಎರಡು ವಿರುದ್ಧ ಕ್ರಮಗಳಿಗೂ ಬೇರು ಒಂದೇ.

ನಿಸರ್ಗದಲ್ಲಿ

ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂಗಿಂತ ಮೆಗ್ನೀಸಿಯಂ ಸುಮಾರು ಮೂರು ಪಟ್ಟು ಹೆಚ್ಚು. ನೀರು ಆರುತ್ತ ಬಂದಂತೆ ಮೊದಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಮೇಲೆ ಜಿಪ್ಸಮ್, ಆಮೇಲೆ ಅಡುಗೆ ಉಪ್ಪು ಇಳಿಯುತ್ತವೆ. ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ದ್ರಾವಣದಲ್ಲೇ ಉಳಿಯುತ್ತವೆ. ಉತ್ತರ ಕನ್ನಡದ ಸಾಣಿಕಟ್ಟಾದಂಥ ಉಪ್ಪಿನ ಆಗರಗಳಲ್ಲಿ ಉಪ್ಪು ಎಳೆದ ಮೇಲೆ ಉಳಿಯುವ ಕಹಿನೀರು ಇದೇ. ಹರಳುಪ್ಪಿಗೆ ಅಂಟಿಕೊಂಡ ಅಲ್ಪ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ.

ಭಾರತದಲ್ಲಿ ಜಿಪ್ಸಮ್ಮಿನ ದೊಡ್ಡ ನಿಕ್ಷೇಪಗಳು ರಾಜಸ್ಥಾನದಲ್ಲಿವೆ. ನಿರ್ಜಲ ಬೇರಿಯಂ ಸಲ್ಫೇಟ್, ಅಂದರೆ ಬೆರೈಟ್, ಆಂಧ್ರಪ್ರದೇಶದ ಮಂಗಂಪೇಟೆಯಲ್ಲಿ ಹೇರಳ. ಮೆಕ್ಸಿಕೊದ ನೈಕಾ ಗಣಿಯಲ್ಲಿ 2000ದಲ್ಲಿ ಪತ್ತೆಯಾದ ಗುಹೆಯಲ್ಲಿ ಹತ್ತು ಮೀಟರ್ ಮೀರಿದ ಜಿಪ್ಸಮ್ ಹರಳುಗಳಿವೆ. ಜಿಪ್ಸಮ್ ಮತ್ತು ಅದರ ನಿರ್ಜಲ ರೂಪಗಳು ಸರಿಸಾಟಿಯಾಗುವ ಉಷ್ಣತೆಯ ಹತ್ತಿರ, 58 ಡಿಗ್ರಿ ಆಸುಪಾಸಿನಲ್ಲಿ, ನೀರು ಬಹು ದೀರ್ಘಕಾಲ ನಿಂತದ್ದರಿಂದ ಅವು ಅತಿ ನಿಧಾನವಾಗಿ ಬೆಳೆದವು. ಅಂಟಾರ್ಕ್ಟಿಕಾದ ಡಾನ್ ಹುವಾನ್ ಕೊಳದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಎಷ್ಟು ದಟ್ಟವಾಗಿದೆಯೆಂದರೆ ಆ ಚಳಿಯಲ್ಲೂ ನೀರು ಹೆಪ್ಪುಗಟ್ಟುವುದಿಲ್ಲ. ಆರು ಅಣು ನೀರಿನ ಅದರ ಹರಳಿಗೆ ಅಂಟಾರ್ಕ್ಟಿಸೈಟ್ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಜೀವಿಗಳಲ್ಲಿ

ಕ್ಯಾಲ್ಸಿಯಂ ತನ್ನ ನೀರನ್ನು ಥಟ್ಟನೆ ಬಿಟ್ಟು ಪ್ರೋಟೀನಿಗೆ ಕಚ್ಚಿಕೊಳ್ಳಬಲ್ಲದು, ಅಷ್ಟೇ ಬೇಗ ಬಿಟ್ಟು ಬರಬಲ್ಲದು. ಸ್ನಾಯು ಸಂಕೋಚನ, ನರಸಂದೇಶಗಳಂಥ ಕ್ಷಣದ ಕೆಲಸಗಳಿಗೆ ಅದು ಒದಗುವುದಕ್ಕೆ ಇದು ಮುಖ್ಯ ಕಾರಣ. ನೀರಿನ ಕವಚ ಕಳಚಲು ಹಿಂಜರಿಯುವ ಮೆಗ್ನೀಸಿಯಂ ಜೀವಕೋಶದ ಒಳಗೆ ಎಟಿಪಿ ಮತ್ತು ನ್ಯೂಕ್ಲಿಯಿಕ್ ಆಮ್ಲಗಳ ಜತೆ ನಿಂತು, ಹಲವು ಬಾರಿ ನೀರಿನ ಅಣುಗಳ ಮೂಲಕವೇ ಅವುಗಳನ್ನು ಮುಟ್ಟುತ್ತದೆ. ಕ್ಯಾಲ್ಸಿಯಂ ಕಾಲುವೆಗಳಲ್ಲಿ ಸ್ಟ್ರಾನ್ಷಿಯಂ, ಬೇರಿಯಂ ಅಯಾನುಗಳು ಹಾದುಹೋಗುತ್ತವೆ, ಮೆಗ್ನೀಸಿಯಂ ತಡೆಯೊಡ್ಡುತ್ತದೆ. ಕರಗುವ ಬೇರಿಯಂ ಲವಣಗಳು ವಿಷ. ಬೇರಿಯಂ ಸಲ್ಫೇಟ್ ಕರಗದೇ ಇರುವುದರಿಂದಲೇ ಕರುಳಿನ ಎಕ್ಸ್-ರೇಗೆ ಅದನ್ನು ಧೈರ್ಯವಾಗಿ ಕುಡಿಸುತ್ತಾರೆ.

ಉಪಯೋಗಗಳು

ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಅನಿಲಗಳನ್ನೂ ದ್ರವಗಳನ್ನೂ ಒಣಗಿಸುವ ಅಗ್ಗದ ವಸ್ತು. ನೀರಿಗೆ ಹಾಕಿದರೆ ಇದು ಬಿಸಿಯಾಗುತ್ತದೆ. ಆರು ಅಣು ನೀರು ಈಗಾಗಲೇ ಸೇರಿರುವ ಲವಣ ಹಾಕಿದರೆ ನೀರು ತಣ್ಣಗಾಗುತ್ತದೆ. ಮೊದಲನೆಯದರಲ್ಲಿ ಜಲೀಕರಣದ ಶಾಖ ಇನ್ನೂ ಬರಬೇಕಿದೆ, ಎರಡನೆಯದರಲ್ಲಿ ಅದರ ಬಹುಪಾಲು ಬಂದು ಮುಗಿದಿದೆ. ಮಂಜು ಕರಗಿಸಲು, ಮಣ್ಣಿನ ರಸ್ತೆಯ ಧೂಳು ಅಡಗಿಸಲು ಇದೇ ಲವಣ ಬಳಕೆಯಲ್ಲಿದೆ. ಮೆಗ್ನೀಸಿಯಂ ಪರ್ಕ್ಲೋರೇಟ್ ಇನ್ನೂ ಪ್ರಬಲ ಶೋಷಕ. ಮೆಗ್ನೀಸಿಯಂ ಆಕ್ಸೈಡನ್ನು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕಲಸಿದ ಸೊರೆಲ್ ಸಿಮೆಂಟ್ 1867ರಿಂದ ಪರಿಚಿತ. ಜಿಪ್ಸಮ್ ಹಲಗೆಗಳು ಬೆಂಕಿಗೆ ತಡೆಯಾಗುವುದು ಒಳಗಿನ ನೀರು ಆವಿಯಾಗುವವರೆಗೆ ಹಲಗೆಯ ಹಿಂಬದಿ ಹೆಚ್ಚು ಬಿಸಿಯಾಗದ ಕಾರಣ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಅದು ತಕ್ಷಣ ಗಟ್ಟಿಯಾಗದಿರಲೆಂದು ಜಿಪ್ಸಮ್ ಬೆರೆಸುತ್ತಾರೆ.

ಇಂದಿನ ಸ್ಥಿತಿ

ದ್ರಾವಣದಲ್ಲಿ ಕ್ಯಾಲ್ಸಿಯಂ ಸುತ್ತ ನಿಜವಾಗಿ ಎಷ್ಟು ನೀರಿನ ಅಣುಗಳಿವೆ ಎಂಬ ಚರ್ಚೆ ನ್ಯೂಟ್ರಾನ್ ವಿವರ್ತನೆ, ಕ್ಷ-ಕಿರಣ ಹೀರಿಕೆ ಮತ್ತು ಗಣಕ ಅನುಕರಣಗಳ ನೆರವಿನಿಂದ ಮುಂದುವರಿದಿದೆ. ಮೆಗ್ನೀಸಿಯಂ ನೀರು ಬಿಡಲು ಹಿಂಜರಿಯುವುದರಿಂದ ಸಾಮಾನ್ಯ ಉಷ್ಣತೆಯಲ್ಲಿ ಕ್ಯಾಲ್ಸಿಯಂ-ಮೆಗ್ನೀಸಿಯಂ ಕಾರ್ಬೊನೇಟ್ ಖನಿಜವಾದ ಡಾಲೊಮೈಟ್ ಹರಳುಗಟ್ಟುವುದು ಕಷ್ಟವೆಂಬ ವಿವರಣೆ ಭೂವಿಜ್ಞಾನದ ಹಳೆಯ ಡಾಲೊಮೈಟ್ ಸಮಸ್ಯೆಯ ಕೇಂದ್ರದಲ್ಲಿದೆ.

ಶಾಖ ಸಂಗ್ರಹಣೆಯಲ್ಲಿ ಈ ಲವಣಗಳ ಮೇಲೆ ವಿಶೇಷ ಗಮನವಿದೆ. ಆರು ಅಣು ನೀರಿನ ಕ್ಯಾಲ್ಸಿಯಂ ಕ್ಲೋರೈಡ್ ಸುಮಾರು 30 ಡಿಗ್ರಿಯಲ್ಲಿ ಕರಗಿ ಹಗಲಿನ ಶಾಖವನ್ನು ಹಿಡಿದು ರಾತ್ರಿ ಬಿಡಬಲ್ಲದು. ಆದರೆ ತಣಿಯುವಾಗ ಹರಳುಗಟ್ಟಲು ತಡಮಾಡುತ್ತದೆ. ಅದೇ ರಚನೆಯ ಸ್ಟ್ರಾನ್ಷಿಯಂ ಕ್ಲೋರೈಡನ್ನು ಚಿಟಿಕೆಯಷ್ಟು ಸೇರಿಸಿದರೆ ಅದರ ಮೇಲೆ ಹರಳು ಸುಲಭವಾಗಿ ಮೊಳೆಯುತ್ತದೆ. ಸ್ಟ್ರಾನ್ಷಿಯಂ ಬ್ರೋಮೈಡ್ ಆರು ಅಣು ನೀರಿನಿಂದ ಒಂದು ಅಣುವಿಗೆ ಇಳಿದು ಮತ್ತೆ ಏರುವ ಚಕ್ರವನ್ನು ಬೇಸಿಗೆಯ ಶಾಖವನ್ನು ಚಳಿಗಾಲಕ್ಕೆ ಕೂಡಿಡುವ ಪ್ರಯೋಗಗಳಲ್ಲಿ ಪರೀಕ್ಷಿಸಲಾಗುತ್ತಿದೆ. ಪದೇಪದೇ ನೀರು ಬಿಟ್ಟು ಹೀರುವಾಗ ಪುಡಿ ಮುದ್ದೆಗಟ್ಟುವುದು ಇಂಥ ಸಾಧನಗಳ ಮುಖ್ಯ ತೊಡಕು.

ಮಂಗಳ ಗ್ರಹದಲ್ಲಿ ಜಿಪ್ಸಮ್ ಮತ್ತು ಮೆಗ್ನೀಸಿಯಂ ಸಲ್ಫೇಟ್‌ಗಳ ಜಲೀಕೃತ ರೂಪಗಳನ್ನು ಕಕ್ಷಾನೌಕೆಗಳು ಗುರುತಿಸಿವೆ. 2008ರಲ್ಲಿ ಫೀನಿಕ್ಸ್ ನೌಕೆ ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಕಂಡಿತು. ಮೆಗ್ನೀಸಿಯಂ, ಕ್ಯಾಲ್ಸಿಯಂ ಪರ್ಕ್ಲೋರೇಟ್‌ಗಳು ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗೂ ಗಾಳಿಯ ತೇವ ಹೀರಿ ದ್ರವವಾಗಬಲ್ಲವು. ಮಂಗಳದ ನೆಲದಲ್ಲಿ ಇಂಥ ಉಪ್ಪುನೀರು ಎಷ್ಟು ಹೊತ್ತು ದ್ರವವಾಗಿ ಉಳಿದೀತು ಎಂಬುದನ್ನು ಆ ಗ್ರಹದ ಒತ್ತಡ ಮತ್ತು ಉಷ್ಣತೆಯನ್ನು ಅನುಕರಿಸುವ ಕೋಣೆಗಳಲ್ಲಿ ಈಗ ಅಳೆಯಲಾಗುತ್ತಿದೆ.